ನಿಮ್ಮ ಡ್ರ್ಯಾಗನ್ ಎಲ್ಲಿ ಕೆಟ್ಟಿದೆ? ಪೆನ್ಸಿಲ್ ಚಿತ್ರಕ್ಕೊಂದು ದೋಷ ನಿವಾರಣೆ ಕೈಪಿಡಿ

ಡ್ರ್ಯಾಗನ್ ಬರೆದಾಗಿದೆ. ಹುರುಪೆ ಒಂದೊಂದನ್ನೂ ಕೂರಿಸಿದ್ದೀರಿ, ಕಣ್ಣಿಗೆ ಹೊಳಪು ಇಟ್ಟಿದ್ದೀರಿ, ಉಗುರು ಚೂಪಾಗಿದೆ. ಆದರೂ ಪ್ರಾಣಿಗೆ ಜೀವ ಬಂದಿಲ್ಲ. ರೆಕ್ಕೆ ಬೆನ್ನಿಗೆ ಅಂಟಿಸಿದ ಹಾಗಿದೆ, ಕಾಲಿನ ಮೇಲೆ ಭಾರ ಬಿದ್ದಿಲ್ಲ, ತೆರೆದ ಬಾಯಿ ಮತ್ತೆ ಮುಚ್ಚುವ ಲಕ್ಷಣವಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ಮೆದುವಾದ, ಕಡುಗಪ್ಪು 6ಬಿ ಪೆನ್ಸಿಲ್ಲಿಗೆ ಹೋಗುತ್ತದೆ. ಇನ್ನಷ್ಟು ಕಪ್ಪು, ಇನ್ನಷ್ಟು ಹುರುಪೆ. ಅದರಿಂದ ಚಿತ್ರ ಸರಿಹೋದದ್ದನ್ನು ನಾನಂತೂ ನೋಡಿಲ್ಲ. ಚರ್ಮದ ಮೇಲೆ ಕಾಣುವ ದೋಷದ ಬೇರು ಬಹುಪಾಲು ಎಲುಬಿನಲ್ಲಿರುತ್ತದೆ. ಹಾಗಾಗಿ ಇಲ್ಲಿ ಹುಡುಕಾಟ ಒಳಗಿನಿಂದ ಹೊರಕ್ಕೆ: ಮೊದಲು ಎಲುಬು, ಆಮೇಲೆ ಸ್ನಾಯು, ಆಮೇಲೆ ಚರ್ಮ, ಪೆನ್ಸಿಲ್ಲಿನ ಸರದಿ ಕೊನೆಗೆ.

‘ಇಲ್ಲದ ಪ್ರಾಣಿಗೆ ಎಂಥಾ ಅನಾಟಮಿ ಮಾರಾಯ್ರೆ’ ಎಂದು ಕೇಳುವವರಿದ್ದಾರೆ. ಲಿಯೊನಾರ್ಡೊ ಡ ವಿಂಚಿ ಇದಕ್ಕೆ ಐನೂರು ವರ್ಷದ ಹಿಂದೆಯೇ ತನ್ನ ಟಿಪ್ಪಣಿಗಳಲ್ಲಿ ಉತ್ತರ ಬರೆದಿಟ್ಟಿದ್ದಾನೆ. ಕಲ್ಪನೆಯ ಪ್ರಾಣಿ ಸಹಜವಾಗಿ ಕಾಣಬೇಕಾದರೆ ಅದರ ಒಂದೊಂದು ಅಂಗವೂ ಯಾವುದಾದರೂ ನಿಜವಾದ ಪ್ರಾಣಿಯದ್ದಾಗಿರಬೇಕು ಎನ್ನುವುದು ಅವನ ಸಲಹೆ. ಅವನು ಉದಾಹರಣೆಗೆ ತೆಗೆದುಕೊಂಡದ್ದೂ ಡ್ರ್ಯಾಗನ್ನನ್ನೇ: ನಾಯಿಯ ತಲೆ, ಬೆಕ್ಕಿನ ಕಣ್ಣು, ಮುಳ್ಳುಹಂದಿಯ ಕಿವಿ, ಸಿಂಹದ ಹುಬ್ಬು, ಆಮೆಯ ಕುತ್ತಿಗೆ. ನಮ್ಮ ಹೊಯ್ಸಳ ಶಿಲ್ಪಿಗಳಿಗೂ ಈ ಗುಟ್ಟು ತಿಳಿದಿತ್ತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ತಳದ ಪಟ್ಟಿಕೆಗಳಲ್ಲಿ ಸಾಲಾಗಿ ನಡೆಯುವ ಮಕರಗಳನ್ನು ನೋಡಿ. ಹಲವು ಪ್ರಾಣಿಗಳ ತುಂಡು ಸೇರಿ ಆದದ್ದು, ಆದರೆ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಡ್ರ್ಯಾಗನ್ ಕೆಡುವುದೂ ಈ ಬೆಸುಗೆಗಳಲ್ಲೇ.

ಇನ್ನೊಂದು ಮಾತು. ಇಲ್ಲಿ ಹೇಳುವುದು ಯುರೋಪಿನ ಕಥೆಗಳಲ್ಲಿ ಬರುವ ರೆಕ್ಕೆಯ ಡ್ರ್ಯಾಗನ್ ಬಗ್ಗೆ. ಚೀನಾದ್ದು ಹಾವಿನಂತೆ ಉದ್ದ ಮೈಯದು, ಸಾಮಾನ್ಯವಾಗಿ ಅದಕ್ಕೆ ರೆಕ್ಕೆ ಇರುವುದಿಲ್ಲ. ಅದನ್ನು ಬರೆಯುವವರು ರೆಕ್ಕೆಯ ಭಾಗ ಬಿಟ್ಟು ಮುಂದೆ ಓದಬಹುದು.

ಮೊದಲ ಕೆಲಸ: ದೋಷ ಯಾವ ಪದರದಲ್ಲಿದೆ?

ಫೋನಿನಲ್ಲಿ ಚಿತ್ರದ ಫೋಟೊ ತೆಗೆಯಿರಿ. ಅದನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನೋಡಿ. ಅಷ್ಟು ಚಿಕ್ಕದಾದಾಗಲೂ ‘ಏನೋ ಸರಿಯಿಲ್ಲ’ ಅನಿಸಿದರೆ ದೋಷ ಎಲುಬಿನದು ಅಥವಾ ಅಳತೆಯದು. ಚಿಕ್ಕದಾದಾಗ ಚೆನ್ನಾಗಿ ಕಂಡು, ದೊಡ್ಡದು ಮಾಡಿದಾಗ ಮಾತ್ರ ಕೆಟ್ಟರೆ ದೋಷ ಚರ್ಮದ್ದು ಇಲ್ಲವೇ ಪೆನ್ಸಿಲ್ಲಿನದು. ಇಷ್ಟು ಸಣ್ಣ ಪರೀಕ್ಷೆಯಿಂದಲೇ ಅರ್ಧ ಗೊಂದಲ ಹೋಗುತ್ತದೆ.

ಎಲುಬಿನದೇ ಎಂದು ಗೊತ್ತಾದ ಮೇಲೆ ಹಾಳೆಯನ್ನು ತಿರುವಿ ಕಿಟಕಿಯ ಗಾಜಿಗೆ ಒತ್ತಿ ಹಿಡಿಯಿರಿ. ಹಿಂಬದಿಯಿಂದ ಕಾಣುವ ಚಿತ್ರ ಎಡಬಲ ಅದಲುಬದಲಾಗಿರುತ್ತದೆ. ಕಣ್ಣು ಅದನ್ನು ಹೊಸ ಚಿತ್ರವೆಂದೇ ನೋಡುವುದರಿಂದ ವಾಲಿದ ತಲೆ, ಗಿಡ್ಡವಾದ ಕಾಲು ತಟ್ಟನೆ ಕಣ್ಣಿಗೆ ಬೀಳುತ್ತವೆ. ಫೋನಿನಲ್ಲೇ ಫೋಟೊ ತಿರುಗಿಸಿದರೂ ಆದೀತು.

ಮೂರನೆಯದು ನಿಜವಾದ ಪರೀಕ್ಷೆ. ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಹಾಕಿ, ಕೀಲುಗಳಿಗೆ ಸಣ್ಣ ವೃತ್ತ, ಎಲುಬುಗಳಿಗೆ ನೇರ ಗೆರೆ ಎಳೆಯುತ್ತ ಹೋಗಿ. ತಲೆಬುರುಡೆ, ಎದೆಗೂಡು, ಸೊಂಟ ಈ ಮೂರಕ್ಕೆ ಮೂರು ಮೊಟ್ಟೆಯಾಕಾರ ಸಾಕು. ಎಲ್ಲಿ ‘ಕೀಲು ಇಲ್ಲಿರಬೇಕೋ ಅಲ್ಲಿರಬೇಕೋ’ ಎಂದು ಕೈ ತಡೆಯುತ್ತದೋ ಅಲ್ಲೇ ದೋಷ. ಹುರುಪೆಯ ಕೆಳಗೆ ಬಚ್ಚಿಟ್ಟ ಅನುಮಾನಗಳೆಲ್ಲ ಈ ಹಾಳೆಯಲ್ಲಿ ಬಯಲಾಗುತ್ತವೆ.

ರೆಕ್ಕೆ ಅಂಟಿಸಿದ ಹಾಗೆ ಕಾಣುತ್ತದೆ

ಎಲ್ಲಕ್ಕಿಂತ ಹೆಚ್ಚು ಬರುವ ದೂರು ಇದು. ಇದಕ್ಕೆ ಕಾರಣವೂ ಗಟ್ಟಿಯಾದದ್ದೇ. ಬೆನ್ನೆಲುಬಿರುವ ನೆಲಪ್ರಾಣಿಗಳಿಗೆ ಇರುವುದು ಎರಡು ಜೊತೆ ಅಂಗ ಮಾತ್ರ. ಹಕ್ಕಿ, ಬಾವಲಿ, ಡೈನೋಸಾರ್ ಕಾಲದ ಟೆರೋಸಾರ್ ಮೂರೂ ಹಾರಲು ಕಲಿತದ್ದು ಮುಂಗಾಲನ್ನು ರೆಕ್ಕೆ ಮಾಡಿಕೊಂಡು. ಕೈ ಬೇರೆ, ರೆಕ್ಕೆ ಬೇರೆ ಇಟ್ಟುಕೊಂಡ ಹಾರಾಟಗಾರ ಇವುಗಳಲ್ಲಿ ಒಂದೂ ಇಲ್ಲ. ನಾಲ್ಕು ಕಾಲು, ಮೇಲೆ ಎರಡು ರೆಕ್ಕೆ ಎಂದರೆ ನೀವು ಮೂರನೆಯ ಜೊತೆ ಅಂಗ ಸೃಷ್ಟಿಸುತ್ತಿದ್ದೀರಿ. ಅದಕ್ಕೆ ಎರಡನೆಯ ಜೊತೆ ಹೆಗಲೆಲುಬೂ ಬೇಕು, ಸ್ನಾಯುವೂ ಬೇಕು, ಅವು ಕೂರಲು ಜಾಗವೂ ಬೇಕು. ಇದ್ಯಾವುದನ್ನೂ ಕೊಡದೆ ಬೆನ್ನುಮೂಳೆಯ ಮೇಲೆ ರೆಕ್ಕೆ ನೆಟ್ಟರೆ ಅದು ನೆಟ್ಟ ಹಾಗೆಯೇ ಕಾಣುತ್ತದೆ.

ಮೂರು ದಾರಿಗಳಿವೆ.

ಸುಲಭದ್ದು, ಮುಂಗಾಲನ್ನೇ ಕೈಬಿಡುವುದು. ಎರಡು ಹಿಂಗಾಲು, ಎರಡು ರೆಕ್ಕೆ. ನೆಲದ ಮೇಲಿದ್ದಾಗ ಮಡಚಿದ ರೆಕ್ಕೆಯ ಮಣಿಕಟ್ಟನ್ನು ಊರಿ ನಾಲ್ಕು ಕಾಲಿನ ನಡಿಗೆ. ಟೆರೋಸಾರ್‌ಗಳು ಹೀಗೇ ನಡೆಯುತ್ತಿದ್ದವು: ಮೂರು ಚಿಕ್ಕ ಬೆರಳು ನೆಲಕ್ಕೆ, ರೆಕ್ಕೆ ಹೊರುವ ಉದ್ದದ ನಾಲ್ಕನೆಯ ಬೆರಳು ಹಿಂದಕ್ಕೆ ಮಡಚಿ ಮೇಲಕ್ಕೆ. ನೈಜತೆಯೇ ಗುರಿಯಾದರೆ ನನ್ನ ಮತ ಇದಕ್ಕೇ.

ಎರಡನೆಯದು, ಆರು ಅಂಗವೇ ಬೇಕೆನ್ನುವವರಿಗೆ. ಆಗ ಎದೆಯನ್ನು ಉದ್ದ ಮಾಡಿ. ಮುಂಗಾಲಿನ ಹೆಗಲೆಲುಬು ಎದೆಗೂಡಿನ ಮುಂಭಾಗದಲ್ಲಿ, ಕುತ್ತಿಗೆಯ ಬುಡಕ್ಕೆ ಹತ್ತಿರ. ರೆಕ್ಕೆಯ ಹೆಗಲೆಲುಬು ಅದರ ಹಿಂದೆ, ತುಸು ಮೇಲೆ. ಎರಡೂ ಎದೆಗೂಡಿನ ಪಕ್ಕದಲ್ಲಿ ಕೂರುತ್ತವೆ, ಬೆನ್ನುಮೂಳೆಯ ನೆತ್ತಿಯ ಮೇಲೆ ಅಲ್ಲ. ಹಸು ನಡೆಯುವಾಗ ಹೆಗಲಿನ ಚಪ್ಪಟೆ ಎಲುಬು ಚರ್ಮದಡಿ ಜಾರುವುದನ್ನು ಗಮನಿಸಿ. ಅಂಥದೊಂದು ಚಪ್ಪಟೆ ಎಲುಬಿನ ಕೆಳತುದಿಯಿಂದ ರೆಕ್ಕೆಯ ತೋಳು ಹೊರಡಬೇಕು. ಅಲ್ಲಿಂದ ಸ್ನಾಯು ಬೀಸಣಿಗೆಯಾಗಿ ಬೆನ್ನಿಗೂ ಎದೆಗೂ ಹರಡಿದರೆ ಅಂಟಿಸಿದ ಗುರುತು ಅಳಿಯುತ್ತದೆ.

ಮೂರನೆಯ ದಾರಿಯನ್ನು ತೋರಿಸುವವನು ನಮ್ಮ ಪಶ್ಚಿಮ ಘಟ್ಟದಲ್ಲೇ ಇದ್ದಾನೆ, ಹಾರುವ ಓತಿ. ಅದರ ಕುಲಕ್ಕೆ ಜೀವವಿಜ್ಞಾನಿ ಲಿನ್ನೇಯಸ್ ಡ್ರ್ಯಾಕೊ, ಅಂದರೆ ಲ್ಯಾಟಿನ್ನಿನಲ್ಲಿ ಡ್ರ್ಯಾಗನ್, ಎಂದೇ ಹೆಸರಿಟ್ಟ. ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ತೇಲುವ ಈ ಓತಿಗೆ ನಾಲ್ಕು ಕಾಲೂ ಕಾಲಾಗಿಯೇ ಉಳಿದಿವೆ. ರೆಕ್ಕೆ ಆದದ್ದು ಉದ್ದಕ್ಕೆ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ತೊಗಲು. ಬೇಡವಾದಾಗ ಪಕ್ಕೆಲುಬು ಹಿಂದಕ್ಕೆ ಮಡಚಿ ಮೈಗೆ ಅಂಟಿಕೊಳ್ಳುತ್ತವೆ. ಘಟ್ಟದ ಈ ಓತಿಯನ್ನೇ ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಸೊಗಸಾದ ವಿವರ ಕೊಟ್ಟಿತು: ತೇಲುವಾಗ ಅದು ಮುಂಗಾಲುಗಳಿಂದ ತೊಗಲಿನ ಮುಂದಂಚನ್ನು ಹಿಡಿದು ದಿಕ್ಕು ನಡೆಸುತ್ತದೆ. ಆರು ಅಂಗದ ಡ್ರ್ಯಾಗನ್‌ಗೆ ಇದಕ್ಕಿಂತ ಪ್ರಾಮಾಣಿಕ ಮಾದರಿ ಸಿಗದು. ಒಂದೇ ಷರತ್ತು, ಈ ರೆಕ್ಕೆ ಬಡಿಯುವುದಿಲ್ಲ, ತೇಲುತ್ತದೆ ಅಷ್ಟೆ. ಪಕ್ಕೆಲುಬಿನ ರೆಕ್ಕೆ ಬರೆದು ಭಂಗಿ ಮಾತ್ರ ಹದ್ದು ಮೇಲೇಳುವಂತೆ ಇಟ್ಟರೆ ಒಂದು ದೋಷ ತಿದ್ದಿ ಇನ್ನೊಂದನ್ನು ತಂದಂತಾಯಿತು.

ಹೆಗಲು ಸರಿಯಿದ್ದೂ ರೆಕ್ಕೆಗೆ ಬಲವಿಲ್ಲದಂತೆ ಕಂಡರೆ ಎದೆಯನ್ನು ನೋಡಿ. ಬೆನ್ನ ಮೇಲೆ ಗಂಟುಗಂಟು ಸ್ನಾಯು, ಕೆಳಗೆ ಎದೆ ಚಪ್ಪಟೆ: ಇದು ತಲೆಕೆಳಗಾದ ಲೆಕ್ಕ. ರೆಕ್ಕೆಯನ್ನು ಕೆಳಕ್ಕೆ ಬಡಿಯುವ ದೊಡ್ಡ ಸ್ನಾಯು ಇರುವುದು ಎದೆಯಲ್ಲಿ. ಹಕ್ಕಿಗಳಲ್ಲಂತೂ ರೆಕ್ಕೆ ಮೇಲೆತ್ತುವ ಸ್ನಾಯುವೂ ಅಲ್ಲೇ, ದೊಡ್ಡದರ ಅಡಿಯಲ್ಲಿದೆ. ಅದರ ಸ್ನಾಯುರಜ್ಜು ಹೆಗಲಿನ ರಂಧ್ರವೊಂದರ ಮೂಲಕ ಹಾದು, ರಾಟೆಯ ಹಗ್ಗದ ಕೆಲಸ ಮಾಡಿ ತೋಳನ್ನು ಎತ್ತುತ್ತದೆ. ಕೋಳಿ ಅಂಗಡಿಯಲ್ಲಿ ಬ್ರೆಸ್ಟ್ ಪೀಸ್ ತಂದವರು ಎರಡನ್ನೂ ಕೈಯಲ್ಲಿ ಹಿಡಿದವರೇ. ಮೇಲಿನ ದಪ್ಪ ತುಂಡು ಒಂದು, ಅದರಿಂದ ಸುಲಭವಾಗಿ ಬಿಡಿಸಿಕೊಂಡು ಬರುವ ಸಣ್ಣ ಉದ್ದನೆಯ ತುಂಡು ಇನ್ನೊಂದು. ನಡುವೆ ಏಣಾಗಿ ನಿಂತ ಎಲುಬು ಇವೆರಡಕ್ಕೂ ಆಧಾರ. ಆ ಏಣು ನಿಮ್ಮ ಡ್ರ್ಯಾಗನ್ನಿನ ಎದೆಯಲ್ಲೂ ಕಾಣಬೇಕು. ಮುಂದಿನಿಂದ ನೋಡಿದಾಗ ಎದೆ ಅಗಲಕ್ಕಿಂತ ಆಳವಾಗಿರಲಿ.

ರೆಕ್ಕೆ ಇದೆ, ಆದರೆ ಹಾರುತ್ತದೆಂದು ನಂಬಿಕೆ ಬರುವುದಿಲ್ಲ

ಅಳತೆಯ ದೋಷ. ನಮ್ಮ ಆಲದ ಮರಗಳಲ್ಲಿ ನೇತಾಡುವ ದೊಡ್ಡ ತೊಗಲುಬಾವಲಿಯ ಮೈ ಹೆಚ್ಚುಕಮ್ಮಿ 20 ಸೆಂ.ಮೀ., ರೆಕ್ಕೆ ಚಾಚಿದರೆ ತುದಿಯಿಂದ ತುದಿಗೆ 1.2ರಿಂದ 1.5 ಮೀಟರ್. ಅಂದರೆ ಒಂದೊಂದು ರೆಕ್ಕೆಯೂ ಮೈಯುದ್ದದ ಮೂರು ಪಟ್ಟು. ಹೆಚ್ಚಿನ ಚಿತ್ರಗಳಲ್ಲಿ ಡ್ರ್ಯಾಗನ್ನಿನ ರೆಕ್ಕೆ ಮೈಯಷ್ಟೂ ಉದ್ದ ಇರುವುದಿಲ್ಲ.

ಗಾತ್ರ ಹೆಚ್ಚಿದಂತೆ ಕಷ್ಟವೂ ಹೆಚ್ಚು. ಪ್ರಾಣಿಯ ಉದ್ದ ಎರಡು ಪಟ್ಟಾದರೆ ರೆಕ್ಕೆಯ ವಿಸ್ತಾರ ನಾಲ್ಕು ಪಟ್ಟು, ಭಾರ ಮಾತ್ರ ಎಂಟು ಪಟ್ಟು. ಹಾರುವ ಹಕ್ಕಿಗಳಲ್ಲಿ ಒಂದು ಚದರ ಮೀಟರ್ ರೆಕ್ಕೆ ಹೊರುವ ಭಾರ ಸುಮಾರು 25 ಕೆ.ಜಿ.ಯನ್ನು ಮೀರುವುದು ತೀರ ಅಪರೂಪ. ಕುದುರೆ ಗಾತ್ರದ, 500 ಕೆ.ಜಿ. ತೂಗುವ ಡ್ರ್ಯಾಗನ್‌ಗೆ ಈ ಲೆಕ್ಕದಲ್ಲಿ ಕಡಿಮೆಯೆಂದರೂ 20 ಚದರ ಮೀಟರ್ ಬೇಕು: ಒಂದೊಂದು ರೆಕ್ಕೆ ಐದು ಮೀಟರ್ ಉದ್ದ, ಸರಾಸರಿ ಎರಡು ಮೀಟರ್ ಅಗಲ. ಕುದುರೆಯ ಮೈಯುದ್ದ ಎರಡೂವರೆ ಮೀಟರ್ ಎಂದಿಟ್ಟುಕೊಂಡರೆ ರೆಕ್ಕೆ ಅದರ ಎರಡು ಪಟ್ಟಾಯಿತು. ಇದು ಅತಿರೇಕವೇನಲ್ಲ. 1971ರಲ್ಲಿ ಟೆಕ್ಸಸ್‌ನಲ್ಲಿ ಪಳೆಯುಳಿಕೆ ಸಿಕ್ಕ ಕ್ವೆಟ್ಜಾಲ್‌ಕೋಟ್ಲಸ್ ಎಂಬ ಟೆರೋಸಾರ್‌ನ ರೆಕ್ಕೆಗಳ ಹರವು 10ರಿಂದ 11 ಮೀಟರ್ ಎಂದು ಅಂದಾಜು. ಬೆಟ್ಟದ ಗಾತ್ರದ ಡ್ರ್ಯಾಗನ್ ಬೇಕೆನ್ನುವವರಿಗೆ ಈ ಲೆಕ್ಕ ಹಿಡಿಸದು. ಅವರು ಅದನ್ನು ಹಾರಿಸದೆ ಗುಹೆಯ ಬಾಯಲ್ಲಿ ಮಲಗಿಸುವುದು ಲೇಸು, ಯಾರೂ ಪ್ರಶ್ನೆ ಕೇಳುವುದಿಲ್ಲ.

ಇಷ್ಟು ದೊಡ್ಡ ರೆಕ್ಕೆ ಹಾಳೆಯಲ್ಲಿ ಹಿಡಿಸುವುದಿಲ್ಲ ಎನ್ನುವುದು ನಿಜವಾದ ತಕರಾರು. ಅದಕ್ಕೆ ಪರಿಹಾರ ರೆಕ್ಕೆಯನ್ನು ಗಿಡ್ಡ ಮಾಡುವುದಲ್ಲ. ಒಂದು ರೆಕ್ಕೆಯನ್ನು ನೋಡುಗನ ಕಡೆಗೆ ತಿರುಗಿಸಿ, ಇಲ್ಲವೇ ಅರ್ಧ ಮಡಚಿ. ಮಡಚುವಾಗ ಮತ್ತೊಂದು ದೋಷ ಕಾದಿರುತ್ತದೆ: ಬಿಚ್ಚಿದ ರೆಕ್ಕೆಯ ಎಲುಬು ಒಂದು ಉದ್ದ, ಮಡಚಿದ ರೆಕ್ಕೆಯದು ಇನ್ನೊಂದು ಉದ್ದ. ಒಂದು ಕಾಗದದ ಪಟ್ಟಿಯ ಅಂಚಿನಲ್ಲಿ ತೋಳೆಲುಬು, ಮುಂಗೈ, ಒಂದೊಂದು ಬೆರಳಿನ ಉದ್ದ ಗುರುತು ಹಾಕಿಕೊಂಡು ಎರಡೂ ರೆಕ್ಕೆಗೆ ಹಿಡಿದು ನೋಡಿ. ನಮ್ಮ ಕಡೆಗೆ ಚಾಚಿದ ಎಲುಬು ಗಿಡ್ಡವಾಗಿ ಕಾಣುವುದು ಸರಿ. ಪಟ್ಟಿಯ ಗುರುತಿಗಿಂತ ಉದ್ದವಾಗಿದ್ದರೆ, ಆ ರೆಕ್ಕೆ ನಮಗೆ ಹತ್ತಿರವಿದ್ದ ಹೊರತು, ಅದು ತಪ್ಪು.

ಕೀಲುಗಳ ಎಣಿಕೆಯನ್ನೂ ಪರೀಕ್ಷಿಸಿ. ಮೈಯಿಂದ ಹೊರಟ ಮೇಲೆ ಮೊದಲ ಮಡಿಕೆ ಮೊಣಕೈ, ಎರಡನೆಯದು ಮಣಿಕಟ್ಟು, ಅಲ್ಲಿಂದ ಬೆರಳುಗಳು. ರೆಕ್ಕೆಯ ನೆತ್ತಿಯಲ್ಲಿ ಬರೆಯುವ ಕೊಕ್ಕೆಯುಗುರನ್ನು ಹಲವರು ಮೊಣಕೈಗೆ ಸಿಕ್ಕಿಸುತ್ತಾರೆ. ಬಾವಲಿಯಲ್ಲಿ ಅದು ಹೆಬ್ಬೆರಳು, ಅದರ ಜಾಗ ಮಣಿಕಟ್ಟು. ಉಳಿದ ನಾಲ್ಕು ಬೆರಳೂ ತೊಗಲಿನೊಳಗೆ ಹೋಗುತ್ತವೆ. ಏಳೆಂಟು ಬೆರಳು ಬರೆದರೆ ಅಲಂಕಾರ ಹೆಚ್ಚೀತು, ಕೈ ಎಂಬ ಭಾವನೆ ಹೋಗುತ್ತದೆ.

ತೊಗಲಿನ ಅಂಚು ಇನ್ನೊಂದು ತೊಡಕು. ಬೆರಳ ತುದಿಯಿಂದ ಬೆರಳ ತುದಿಗೆ ಅಂಚು ಒಳಕ್ಕೆ ಬಾಗಬೇಕು, ಬಿಚ್ಚಿದ ಕೊಡೆಯ ಬಟ್ಟೆ ಕಡ್ಡಿಯಿಂದ ಕಡ್ಡಿಗೆ ಬಾಗುವಂತೆ. ಎಳೆತದಲ್ಲಿರುವ ತೊಗಲು ಹೊರಕ್ಕೆ ಉಬ್ಬುವುದಿಲ್ಲ. ತೊಗಲು ಮೈಗೆ ಎಲ್ಲಿ ಕೂಡುತ್ತದೆ ಎನ್ನುವುದನ್ನೂ ತೀರ್ಮಾನಿಸಿಕೊಳ್ಳಿ. ಬಾವಲಿಯಲ್ಲಿ ಅದು ಮೈಯ ಪಕ್ಕದುದ್ದಕ್ಕೂ ಬಂದು ಹಿಂಗಾಲಿನವರೆಗೆ ಹೋಗುತ್ತದೆ. ಇನ್ನೊಂದು ತುಣುಕು ತೊಗಲು ಮೊಣಕೈಯ ಮುಂದುಗಡೆ, ಹೆಗಲಿನಿಂದ ಮಣಿಕಟ್ಟಿಗೆ ಅಡ್ಡಲಾಗಿ ಇರುತ್ತದೆ. ಅದನ್ನು ಮರೆಯುವವರೇ ಹೆಚ್ಚು. ಅದಿಲ್ಲದಿದ್ದರೆ ರೆಕ್ಕೆಯ ಮುಂಭಾಗ ಬರಿಯ ಸೊಣಕಲು ತೋಳಾಗಿ ಉಳಿಯುತ್ತದೆ. ಎರಡು ಗೆರೆಯ ಕೆಲಸ, ಗಳಿಕೆ ದೊಡ್ಡದು.

ಕಾಲಿನ ಮೇಲೆ ಭಾರ ಬೀಳುತ್ತಿಲ್ಲ

ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿದ ಕೀಲನ್ನು ಮೊಣಕಾಲು ಎಂದುಕೊಂಡು ಬರೆದರೆ ಇಡೀ ಕಾಲು ಕೆಡುತ್ತದೆ. ನಾಯಿ, ಹಸು, ಕುದುರೆಯ ಹಿಂಗಾಲಿನಲ್ಲಿ ಹಾಗೆ ಕಾಣುವುದು ಹಿಮ್ಮಡಿ. ನಿಜವಾದ ಮೊಣಕಾಲು ಅದಕ್ಕಿಂತ ಮೇಲೆ, ಹೊಟ್ಟೆಯ ಹತ್ತಿರ, ಮುಂದಕ್ಕೆ ಬಾಗಿದೆ. ಸೊಂಟದಿಂದ ತೊಡೆ ಮುಂದಕ್ಕೆ, ಮೊಣಕಾಲಿನಿಂದ ಮೀನಖಂಡ ಹಿಂದಕ್ಕೆ, ಹಿಮ್ಮಡಿಯಿಂದ ಪಾದ ಮತ್ತೆ ಮುಂದಕ್ಕೆ ಇಲ್ಲವೇ ನೇರ ಕೆಳಕ್ಕೆ. ಮುಂಗಾಲಿನಲ್ಲಿ ಮೊಣಕೈ ಹಿಂದಕ್ಕೆ ಮುಖ ಮಾಡಿರುತ್ತದೆ. ಟ್ರೇಸಿಂಗ್ ಪೇಪರಿನಲ್ಲಿ ಈ ಮಡಿಕೆಗಳು ಕಾಣದಿದ್ದರೆ ಕಾಲನ್ನು ಅಳಿಸಿ ಹೊಸದಾಗಿ ಬರೆಯುವುದೇ ಮೇಲು, ತಿದ್ದಲು ಹೋಗಬೇಡಿ.

ಮಡಿಕೆ ಸರಿಯಿದ್ದೂ ಕಾಲು ಒಗ್ಗದಿದ್ದರೆ, ಎರಡು ಬಗೆಯ ನಿಲುವು ಬೆರೆತಿರಬಹುದು. ಉಡದ ಮೊಣಕೈ, ಮೊಣಕಾಲು ಪಕ್ಕಕ್ಕೆ ಚಾಚಿರುತ್ತವೆ, ನಡೆಯುವಾಗ ಬೆನ್ನುಮೂಳೆ ಎಡಬಲಕ್ಕೆ ಬಳುಕುತ್ತದೆ. ಓಡುವ ನಾಯಿಗೆ ಕಾಲು ಮೈಯ ಅಡಿಗೆ ಬಂದಿರುತ್ತದೆ, ಬೆನ್ನು ಮೇಲೆ ಕೆಳಗೆ ಬಾಗುತ್ತದೆ. ಮೊಸಳೆ ನಡುವಿನದು: ಹೊಟ್ಟೆ ನೆಲಕ್ಕೆ ಹಚ್ಚಿಯೂ ಹರಿದೀತು, ಕಾಲೂರಿ ಮೈ ಎತ್ತಿಯೂ ನಡೆದೀತು. ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳನ್ನು ದೋಣಿಯಿಂದ ಹತ್ತಿರದಲ್ಲೇ ನೋಡಬಹುದು, ಸ್ಕೆಚ್ ಪುಸ್ತಕ ಜೊತೆಗಿರಲಿ. ಉಡದ ಕಾಲಿಗೆ ನಾಯಿಯ ಬೆನ್ನು ಕೊಟ್ಟರೆ ನೋಡುವವನಿಗೆ ಕಾರಣ ಹೊಳೆಯದಿದ್ದರೂ ಕಸಿವಿಸಿ ಆಗುತ್ತದೆ. ಭಾರ ಹೆಚ್ಚಿದಷ್ಟೂ ಕಾಲು ನೆಟ್ಟಗಾಗಬೇಕು ಎನ್ನುವುದಕ್ಕೆ ಆನೆ ಸಾಕ್ಷಿ.

ಎರಡು ಕಾಲಿನ ಡ್ರ್ಯಾಗನ್ ರೆಕ್ಕೆ ಊರದೆ ನಿಂತಿದ್ದರೆ ಒಂದು ಲಂಬ ಗೆರೆ ಎಳೆಯಿರಿ, ಪಾದಗಳ ನಡುವಿನಿಂದ ನೇರ ಮೇಲಕ್ಕೆ. ಗೆರೆಯ ಮುಂದಿನ ಮೈ, ಕುತ್ತಿಗೆ, ತಲೆಯ ಭಾರಕ್ಕೆ ಹಿಂದಿನ ಬಾಲ ಸಮವಾಗಬೇಕು. ಸಣ್ಣ ಬಾಲ, ದೊಡ್ಡ ತಲೆ ಆದರೆ ಪ್ರಾಣಿ ಮುಗ್ಗರಿಸುತ್ತದೆ. ಬಾಲದ ಬುಡ ತೆಳ್ಳಗಿರುವುದೂ ಇಂಥದೇ ತಪ್ಪು. ಹಲ್ಲಿ, ಮೊಸಳೆಗಳಲ್ಲಿ ಕಾಲನ್ನು ಹಿಂದಕ್ಕೆಳೆಯುವ ಮುಖ್ಯ ಸ್ನಾಯು ಬಾಲದ ಬುಡದಿಂದ ಹೊರಟು ತೊಡೆಯೆಲುಬಿಗೆ ಬಂದು ಸೇರುತ್ತದೆ. ಹಾಗಾಗಿ ಬಾಲ ಸೊಂಟದಷ್ಟೇ ದಪ್ಪವಾಗಿ ಶುರುವಾಗಿ, ನಿಧಾನಕ್ಕೆ ಸಣ್ಣಗಾಗಬೇಕು.

ಬಾಯಿ ಮುಚ್ಚುವುದಿಲ್ಲ, ಕುತ್ತಿಗೆ ಪೈಪಿನ ತುಂಡು

ದವಡೆಯ ಕೀಲು ಕಣ್ಣಿಗಿಂತ ಹಿಂದೆ, ತಲೆಬುರುಡೆಯ ಹಿಂತುದಿಯ ಹತ್ತಿರ ಇರುತ್ತದೆ. ಬಾಯಿಯ ಸೀಳು ಮಾತ್ರ ಅಲ್ಲಿಯವರೆಗೆ ಹೋಗದೆ ತುಸು ಮುಂದೆಯೇ ನಿಲ್ಲುತ್ತದೆ, ನಡುವಿನ ಜಾಗ ದವಡೆ ಮುಚ್ಚುವ ಸ್ನಾಯುವಿನದು. ಸೀಳಿನ ಕೊನೆಯನ್ನೇ ಕೀಲು ಮಾಡಿದಾಗ ಬಾಯಿ ಕತ್ತರಿಯಂತಾಗುತ್ತದೆ. ಪರೀಕ್ಷೆ ಹೀಗೆ: ಕೆಳದವಡೆಯನ್ನಷ್ಟೇ ಟ್ರೇಸ್ ಮಾಡಿ, ಕೀಲಿನ ಮೇಲೆ ಗುಂಡುಸೂಜಿ ಚುಚ್ಚಿ, ಕಾಗದವನ್ನು ಮೇಲಕ್ಕೆ ತಿರುಗಿಸಿ. ಮೇಲುದವಡೆಗೆ ಕೂತರೆ ಸರಿ. ಮೂಗಿನಾಚೆ ಹೋದರೆ, ಅಥವಾ ಹಲ್ಲು ಹಲ್ಲಿಗೆ ಗುದ್ದಿದರೆ ಎಲ್ಲಿ ಎಷ್ಟು ತಿದ್ದಬೇಕೆಂದು ಅಲ್ಲೇ ಕಾಣುತ್ತದೆ. ಪಕ್ಕದಿಂದ ಕಾಣುವ ತಲೆಗೆ ಮಾತ್ರ ಇದು ನಡೆಯುತ್ತದೆ.

ಕೊಂಬಿಗೆ ಒಳಗೆ ಎಲುಬಿನ ತಿರುಳು, ಹೊರಗೆ ಉಗುರಿನ ಜಾತಿಯ ಹೊದಿಕೆ. ಹಸುವಿನದು ಹೀಗೇ. ತಲೆಬುರುಡೆಯಿಂದ ಅದು ಬೆಳೆದು ಬರುವುದರಿಂದ ಬುಡದಲ್ಲಿ ಚರ್ಮ ಸ್ವಲ್ಪ ಉಬ್ಬಿ, ಸುತ್ತ ಉಂಗುರದಂತೆ ಕೂರುತ್ತದೆ. ಈ ಉಬ್ಬು ಇಲ್ಲದ ಕೊಂಬು ಟೋಪಿಗೆ ಸಿಕ್ಕಿಸಿದ್ದು.

ಕುತ್ತಿಗೆ ಎಷ್ಟು ಬಳುಕಬಹುದು ಎನ್ನುವುದು ಮೂಳೆಗಳ ಎಣಿಕೆಗೆ ಬಿಟ್ಟದ್ದು. ಜಿರಾಫೆಗೂ ನಮಗೂ ಕುತ್ತಿಗೆಯಲ್ಲಿ ಏಳೇ ಮಣಿಗಳು, ಅದಕ್ಕೇ ಜಿರಾಫೆ ಕತ್ತನ್ನು ಹಂಸದಂತೆ ಸುರುಳಿ ಮಾಡಲಾರದು. ಹಂಸಕ್ಕೆ ಇಪ್ಪತ್ತಕ್ಕೂ ಹೆಚ್ಚು. ಡೊಂಕಾದ ಕುತ್ತಿಗೆ ಬೇಕಾದರೆ ಮಣಿ ಹೆಚ್ಚಿಸಿ, ಒಂದೊಂದನ್ನೂ ಚಿಕ್ಕದು ಮಾಡಿ. ಬಾಗಿದ ಒಳಬದಿಯಲ್ಲಿ ಚರ್ಮ ಮಡಿಕೆಯಾಗುತ್ತದೆ, ಹೊರಬದಿಯಲ್ಲಿ ಹುರುಪೆಗಳ ನಡುವೆ ಎಡೆ ತೆರೆಯುತ್ತದೆ. ಎರಡೂ ಬದಿ ಒಂದೇ ಥರ ಇದ್ದರೆ ಅದು ಪೈಪು.

ಬೆಂಕಿ ಉಗುಳುವ ಅಂಗ ಎಲ್ಲಿಡಬೇಕೆಂದು ಕೇಳುವವರಿಗೆ: ಬಾಂಬಾರ್ಡಿಯರ್ ಎಂಬ ಜೀರುಂಡೆ ಎರಡು ರಾಸಾಯನಿಕಗಳನ್ನು ಕೂಡಿಸಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯ ದ್ರವ ಚಿಮ್ಮಿಸುತ್ತದೆ, ಆದರೆ ಹಿಂಬದಿಯಿಂದ. ದವಡೆಯ ಹಿಂದೆ ಎರಡು ಗ್ರಂಥಿಯ ಉಬ್ಬು ಬರೆದರೆ ನನ್ನ ಅಭ್ಯಂತರವಿಲ್ಲ.

ಹುರುಪೆ ಬಲೆ ಹೊದಿಸಿದ ಹಾಗಿದೆ

ಎಲುಬಿನ ಪರೀಕ್ಷೆಗಳು ಮುಗಿಯುವ ಮೊದಲು ಇಲ್ಲಿಗೆ ಬಂದವರು ದಯವಿಟ್ಟು ಹಿಂದಕ್ಕೆ ಹೋಗಿ.

ಬಲೆಯಂತೆ ಕಾಣಲು ಕಾರಣ ಮೂರು: ಎಲ್ಲೆಡೆ ಒಂದೇ ಗಾತ್ರ, ಒಂದೇ ಕಪ್ಪು, ಮೈಯ ತಿರುವನ್ನು ಲೆಕ್ಕಿಸದ ಸಾಲುಗಳು. ಮೊದಲು ಮೈಯ ಸುತ್ತ ಬಳೆ ಹಾಕಿದಂತೆ ತೆಳು ಗೆರೆಗಳನ್ನು ಗಟ್ಟಿ ಮೊನೆಯ 2ಎಚ್ ಪೆನ್ಸಿಲ್ಲಿನಲ್ಲಿ ಎಳೆದುಕೊಳ್ಳಿ. ಹುರುಪೆಯ ಸಾಲು ಆ ಗೆರೆಯನ್ನು ಹಿಡಿದು ನಡೆಯಬೇಕು, ಮೈಯ ಅಂಚಿಗೆ ಬಂದಂತೆ ಕಿರಿದಾಗಿ ಒತ್ತಾಗಬೇಕು. ಗಾತ್ರಕ್ಕೆ ಹಾವನ್ನೇ ಕೇಳಿ. ಬೆನ್ನಿನ ಮೇಲೆ ಸಣ್ಣವು, ಹೊಟ್ಟೆಯಡಿ ಅಡ್ಡಕ್ಕೆ ಅಗಲವಾದ ಪಟ್ಟಿಗಳು. ಕೀಲು ಮಡಚುವ ಜಾಗದಲ್ಲಿ ಕಾಳಿನಷ್ಟು ಚಿಕ್ಕವು, ಇಲ್ಲವಾದರೆ ಕಾಲು ಮಡಚುವುದು ಹೇಗೆ? ಬೆನ್ನ ನಡುವೆ ಮೊಸಳೆಗಿರುವಂತೆ ಒಳಗೆ ಎಲುಬಿನ ತಟ್ಟೆಯಿರುವ ಏಣುಗಳು.

ಮುಖಕ್ಕೆ ಬೇರೆ ನಿಯಮ. ಮೊಸಳೆಯ ಮುಖ, ದವಡೆಗಳ ಮೇಲಿನವು ನಿಜವಾದ ಹುರುಪೆಗಳೇ ಅಲ್ಲ, ಬೆಳೆಯುವಾಗ ಬಿಗಿಯಾದ ಚರ್ಮ ಬಿರಿದು ಆದ ಗೆರೆಗಳು ಎಂದು 2013ರಲ್ಲಿ ಸಂಶೋಧಕರು ಹೇಳಿದರು; ಬಿರಿದದ್ದಲ್ಲ, ಬೆಳೆಯುವ ಚರ್ಮ ಮಡಿಕೆ ಬಿದ್ದು ಆದದ್ದು ಎಂದು 2024ರ ಅಧ್ಯಯನ ಅದನ್ನು ತಿದ್ದಿತು. ಅದಕ್ಕೇ ಎಡಗೆನ್ನೆಗೂ ಬಲಗೆನ್ನೆಗೂ ವಿನ್ಯಾಸ ಹೊಂದುವುದಿಲ್ಲ. ಡ್ರ್ಯಾಗನ್ನಿನ ಮುಖದಲ್ಲಿ ಜೋಡಿಸಿಟ್ಟ ಹುರುಪೆಯ ಬದಲು ಅಂಕುಡೊಂಕಾದ ಬಿರುಕು ಬರೆದು ನೋಡಿ, ವಯಸ್ಸೂ ಬರುತ್ತದೆ, ಕ್ರೌರ್ಯವೂ ಬರುತ್ತದೆ.

ಇನ್ನು ಎಲ್ಲ ಹುರುಪೆಯನ್ನೂ ಬರೆಯುವ ಹಟ ಬಿಡಿ. ಬೆಳಕು ನೇರ ಬಿದ್ದ ಕಡೆ ಅವು ಕರಗುತ್ತವೆ, ಗಾಢ ನೆರಳಿನಲ್ಲಿ ಮುಳುಗುತ್ತವೆ. ಬೆಳಕು ನೆರಳಾಗಿ ತಿರುಗುವ ಪಟ್ಟಿಯಲ್ಲಿ ಮಾತ್ರ ಸ್ಪಷ್ಟವಾಗಿ ಕಾಣುತ್ತವೆ. ಅಲ್ಲಿ ಬರೆಯಿರಿ, ಉಳಿದದ್ದನ್ನು ನೋಡುವವನ ಕಣ್ಣು ತುಂಬಿಕೊಳ್ಳುತ್ತದೆ.

ಎಲ್ಲ ಸರಿಯಿದ್ದೂ ಚಿತ್ರ ಬೂದುಬೂದು

ಈಗ ಪೆನ್ಸಿಲ್ಲಿನ ಸರದಿ, ಇದು ಬೇಗ ಮುಗಿಯುತ್ತದೆ. ಪೂರ್ತಿ ಚಿತ್ರವನ್ನು ಎಚ್‌ಬಿ ಒಂದರಲ್ಲೇ ಮುಗಿಸಿದ್ದರೆ ಕಪ್ಪು ಬರಲು ಸಾಧ್ಯವೇ ಇಲ್ಲ. ಗ್ರ್ಯಾಫೈಟಿಗೆ ಜೇಡಿ ಬೆರೆಸಿ ಸುಡುವ ವಿಧಾನವನ್ನು ಫ್ರಾನ್ಸಿನ ಕೊಂಟೆ 1795ರಲ್ಲಿ ತಂದಾಗಿನಿಂದ ಸೂತ್ರ ಒಂದೇ: ಜೇಡಿ ಹೆಚ್ಚಾದರೆ ಗಟ್ಟಿ, ತಿಳಿ, ಗ್ರ್ಯಾಫೈಟ್ ಹೆಚ್ಚಾದರೆ ಮೆದು, ಕಪ್ಪು. ಎಲುಬಿಗೆ 2ಎಚ್, ಅದೂ ಕೈಯ ಭಾರ ಹಾಕದೆ. ಒತ್ತಿ ಎಳೆದರೆ ಹಾಳೆಯಲ್ಲಿ ತೋಡು ಬೀಳುತ್ತದೆ, ಮುಂದೆ ಶೇಡಿಂಗ್ ಮಾಡುವಾಗ ಅದು ಬಿಳಿ ಗೆರೆಯಾಗಿ ಎದ್ದು ಬರುತ್ತದೆ. ಸ್ನಾಯುವಿಗೆ ಎಚ್‌ಬಿಯಿಂದ 2ಬಿ, ಕಣ್ಣಿನ ಗುಳಿ, ಬಾಯಿಯೊಳಗು, ರೆಕ್ಕೆಯ ಬುಡಕ್ಕೆ 4ಬಿ, 6ಬಿ.

ಕಪ್ಪು ಜಾಗ ಕನ್ನಡಿಯಂತೆ ಮಿರುಗಿದರೆ ಮೆದು ಪೆನ್ಸಿಲನ್ನು ಒತ್ತಿ ಉಜ್ಜಿದ್ದೀರಿ. ಹಾಳೆಯ ತರಿ ತುಂಬಿಹೋಗಿದೆ, ಇನ್ನು ಮೇಲೆ ಏನು ಹಚ್ಚಿದರೂ ಜಾರುತ್ತದೆ. ನೀಡೆಡ್ ಇರೇಸರನ್ನು (ಹಿಟ್ಟಿನಂತೆ ನಾದಬಹುದಾದ ಮೆದು ರಬ್ಬರ್) ಒತ್ತಿ ಎತ್ತಿ ಒಂದು ಪದರ ತೆಗೆಯಿರಿ, ಉಜ್ಜಬೇಡಿ. ಅತಿ ಕಪ್ಪು ಬೇಕಾದ ಕೆಲವೇ ಕಡೆ ಚಾರ್ಕೋಲ್ ಪೆನ್ಸಿಲ್ ಬಳಸಿದರೆ ಮಿರುಗು ಇರುವುದಿಲ್ಲ. ಅದನ್ನು ಖಾಲಿ ಹಾಳೆಯ ಮೇಲೆಯೇ ಹಚ್ಚಿ, ಗ್ರ್ಯಾಫೈಟಿನ ಮೇಲೆ ಅದು ಸರಿಯಾಗಿ ಹಿಡಿಯದು. ಐವರಿ ಶೀಟಿನ ನುಣುಪಿನಲ್ಲಿ ಪದರ ಕಟ್ಟುವುದು ಕಷ್ಟ, ಕಾರ್ಟ್ರಿಜ್ ಹಾಳೆ ಮೇಲು. ಬೆರಳಿನಿಂದ ತಿಕ್ಕುವ ಅಭ್ಯಾಸ ಇದ್ದರೆ ಬಿಡಿ, ಬೆರಳ ಜಿಡ್ಡು ಹಾಳೆಗೆ ಹತ್ತಿ ಕಲೆಯಾಗುತ್ತದೆ.

ರೆಕ್ಕೆಯ ತೊಗಲನ್ನು ಗಟ್ಟಿ ಕಪ್ಪಾಗಿ ತುಂಬಿದ್ದರೆ ಅದನ್ನೂ ತಿದ್ದಬೇಕು. ಬೆಳಕು ಹಿಂದಿನಿಂದ ಬಂದಾಗ ತೊಗಲು ಮೈಗಿಂತ ತಿಳಿಯಾಗುತ್ತದೆ, ಬೆರಳೆಲುಬುಗಳು ಕಪ್ಪಗೆ ಕಾಣುತ್ತವೆ, ನಡುವೆ ರಕ್ತನಾಳದ ಕವಲುಗಳು ಹಾಯುತ್ತವೆ. ಸಂಜೆ ಬಾವಲಿಗಳು ಮರ ಬಿಟ್ಟು ಹೊರಡುವ ಹೊತ್ತಿಗೆ ತಲೆಯೆತ್ತಿ ನೋಡಿದರೆ ಗೊತ್ತಾಗುತ್ತದೆ.

ಯಾವುದನ್ನು ತಿದ್ದಬಾರದು

ಪೂರ್ತಿ ಶೇಡಿಂಗ್ ಆದ ಮೇಲೆ ರೆಕ್ಕೆಯ ಬುಡವೋ ಸೊಂಟವೋ ತಪ್ಪಿದೆ ಎಂದು ಗೊತ್ತಾದರೆ ರಬ್ಬರ್ ಮುಟ್ಟಬೇಡಿ. ಅಷ್ಟು ಅಳಿಸಿದರೆ ಹಾಳೆಯ ಮೈ ಎದ್ದು ಜೂಲಾಗುತ್ತದೆ. ಚಿತ್ರವನ್ನು ಕಿಟಕಿಯ ಗಾಜಿಗೆ ಅಂಟಿಸಿ, ಅದರ ಮೇಲೆ ಹೊಸ ಹಾಳೆಯಿಟ್ಟು ಸರಿಯಿರುವ ಭಾಗಗಳನ್ನಷ್ಟೇ ಎತ್ತಿಕೊಳ್ಳಿ. ಹೆಚ್ಚಾಗಿ ತಲೆ, ಪಾದ ಉಳಿಯುತ್ತವೆ. ಹೆಗಲು, ಎದೆ, ಸೊಂಟವನ್ನು ಹೊಸದಾಗಿ ಕಟ್ಟಿ, ಟ್ರೇಸಿಂಗ್ ಪೇಪರಿನ ಪರೀಕ್ಷೆಯನ್ನು ಹುರುಪೆಗೆ ಮೊದಲೇ ಮಾಡಿ.

ಹುರುಪೆ ಒಂದೆರಡು ಕಡೆ ಕೆಟ್ಟಿದ್ದರೆ, ಹಿಂದಿನ ರೆಕ್ಕೆಯ ಬೆರಳು ತುಸು ಗಿಡ್ಡವಾಗಿದ್ದರೆ ಹಾಗೇ ಬಿಡಿ. ಮರಿಯಲ್ಲಿ ಮುರಿದ ಬೆರಳೆಂದು ಹೇಳಿದರಾಯಿತು, ಕಾಡುಪ್ರಾಣಿಗಳಲ್ಲಿ ಗಾಯದ ಗುರುತಿಲ್ಲದವು ಕಡಿಮೆ. ಪೆನ್ಸಿಲ್ ಗುರುತು ಅಳಿಯದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಹೊಡೆಯುವುದಿದ್ದರೆ ಮನೆಯ ಹೊರಗೆ, ಒಂದು ಅಡಿ ದೂರದಿಂದ, ತೆಳುವಾಗಿ ಎರಡು ಸಲ. ಆಮೇಲೆ ರಬ್ಬರ್ ಕೆಲಸ ಮಾಡುವುದಿಲ್ಲ, ಹಾಗಾಗಿ ಸಹಿಯ ಪಕ್ಕದ ಬೆರಳ ಗುರುತನ್ನು ಮೊದಲೇ ಅಳಿಸಿಕೊಳ್ಳಿ.